ಅಂಗಾಲಿನ ಕರಿ ಬಣ್ಣ

ಖಾನಾಪುರ,
12 ಜೂನ್ 2000

ಸಮದಾ,

ಮೊನ್ನೆ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನಿನಗೆ ಫೋನು ಮಾಡಿದವನು ನಾನೇ. ನೀನು “ಯಾರ್ರೀ? ಜರಾ ಜೋರ ಮಾತಾಡ್ರೀ” ಎಂದು ಕೂಗಿ ಕೂಗಿ, ಕಡೆಗೆ ಉರ್ದುವಿನಲ್ಲಿ ಏನೋ ಬೈದು ಇಟ್ಟುಬಿಟ್ಟೆ. ನಾನು ಮಾತಾಡುತ್ತಲೇ ಇದ್ದೆ. ಕಂಪವಾತ ಅಂದರೆ ಕೈ ನಡುಗುವುದಷ್ಟೇ ಎಂದು ತಿಳಿದಿದ್ದೆ. ಅದು ಧ್ವನಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂದು ಈಗ ಗೊತ್ತಾಗಿದೆ. ಮನೆಯಲ್ಲಂತೂ ನಿನ್ನ ವೈನಿ ಸತ್ಯವ್ವನ ಹಿಟ್ಟಿನ ಗಿರಣಿಯ ಸದ್ದಿನ ಮುಂದೆ ನಾನು ಮೂಕನೇ ಸೈ. ಆದ್ದರಿಂದ ಇನ್ನು ಮೇಲೆ ಪತ್ರ. ಮೂವತ್ತು ವರ್ಷ ಒಂದೇ ಬೋರ್ಡಿನ ಮೇಲೆ ನಾನು ಕನ್ನಡ, ನೀನು ಮರಾಠಿ ಬರೆದೆವು. ಯಾವುದು ಮೇಲಿರಬೇಕು ಎಂದು ಊರು ಜಗಳಾಡಿದಾಗಲೆಲ್ಲ ಅಳಿಸಿ ಬರೆದು ನಮ್ಮಿಬ್ಬರ ಒಲೆ ಉರಿಯಿತು. ನಿನಗೊಂದು ಪತ್ರ ಬರೆಯುವ ಪ್ರಸಂಗ ಮಾತ್ರ ಬಂದಿರಲಿಲ್ಲ.

ಸುದ್ದಿ ಒಳ್ಳೆಯದೇ. ಸಂಕ್ರಾಂತಿಗೆ ಶುರು ಮಾಡಿದ ಗುಳಿಗೆ ಗುಣ ಕೊಟ್ಟಿದೆ. ಬೆಳಿಗ್ಗೆ ನುಂಗಿ, ಚಹಾ ಕುಡಿದು ಕಪ್ಪು ತೊಳೆದಿಡುವಷ್ಟರಲ್ಲಿ ಕೈ ನನ್ನ ಮಾತು ಕೇಳತೊಡಗುತ್ತದೆ. ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಗಿರಣಿಗೆ ಬಂದವರ ಜೋಳ ತೂಗಿ ಕೊಡುತ್ತೇನೆ. ಈ ಪತ್ರದ ಅಕ್ಷರ ನೋಡು, ಗುರುಪುತ್ರಪ್ಪನ ಬೋರ್ಡಿನ ಹಾಗೆ ಸಾಲಿನ ಕೊನೆಗೆ ಸಣ್ಣದಾಗಿಲ್ಲವಲ್ಲ? ಹೋದ ದೀಪಾವಳಿಗೆ ಶಹಾಪುರದ ಅವನ ಸೀರೆ ಅಂಗಡಿಗೆ ಬರೆದದ್ದೇ ನನ್ನ ಕೊನೆಯ ಬೋರ್ಡು. ಮೊದಲ ಅಕ್ಷರ ಮೊಳದಷ್ಟು, ಕೊನೆಯದು ಗೇಣಿನಷ್ಟು. “ಏನ್ರೀ ಸೋಮಲಿಂಗ, ನನ್ನ ಹೆಸರು ಅಂಗಡಿ ಬಿಟ್ಟು ಓಡಿ ಹೊಂಟೈತಲ್ರೀ!” ಎಂದಿದ್ದ. ನಾವೂ ನಕ್ಕೆವು. ಅಕ್ಷರ ಸಣ್ಣದಾಗುವುದೂ ಈ ರೋಗದ ಲಕ್ಷಣ ಎಂದು ಆಗ ಯಾರಿಗೆ ಗೊತ್ತಿತ್ತು.

ಸತ್ಯವ್ವನ ತಕರಾರು ಇದ್ದದ್ದೇ. “ಊರ ಮಂದಿಗೆಲ್ಲಾ ಬೋರ್ಡ ಬರದ್ರಿ, ನನ್ನ ಗಿರಣಿ ಮ್ಯಾಲೆ ಒಂದಕ್ಷರ ಇಲ್ಲ. ದೀಪದ ಬುಡಕ್ಕ ಕತ್ತಲಿ” ಅನ್ನುತ್ತಾಳೆ. ಬರೆದರೆ ಹಿಟ್ಟಿನ ದೂಳಿನಲ್ಲಿ ಕಾಣುವುದಿಲ್ಲ ಎಂದು ಮೂವತ್ತು ವರ್ಷದಿಂದ ಅದೇ ನೆವ ಹೇಳುತ್ತ ಬಂದಿದ್ದೇನೆ.

ಕೆಲಸ ಬಿಟ್ಟರೂ ಬಣ್ಣ ನನ್ನನ್ನು ಬಿಟ್ಟಿಲ್ಲ. ಎಡಗಾಲಿನ ಅಂಗಾಲಿನಲ್ಲಿ, ಏಣಿಯ ಮೆಟ್ಟಿಲು ಒತ್ತುತ್ತಿದ್ದ ಜಾಗದಲ್ಲೇ, ಕರಿ ಪೇಂಟಿನ ಕಲೆಯೊಂದು ಅಂಟಿ ಕೂತಿದೆ. ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ತಿಕ್ಕಿದೆ, ಜಪ್ಪಯ್ಯ ಅಂದರೂ ಹೋಗದು. ನಮ್ಮ ಕಾಲದ ಪೇಂಟು ಎಷ್ಟು ಗಟ್ಟಿ ಎಂದು ಈಗಿನ ಕಂಪ್ಯೂಟರ್ ಸ್ಟಿಕರಿನವರಿಗೆ ಹೇಳು.

ಶಾಹಜಾನಬಿ ವೈನಿಗೆ ನಮಸ್ಕಾರ. ಮಗಳು ಮಹೇಕಳಿಗೆ ಆಶೀರ್ವಾದ.

ನಿನ್ನ ಕನ್ನಡ ಪಾಲಿನವ,
ಸೋಮಲಿಂಗ


ಕ್ಯಾಂಪ್, ಬೆಳಗಾವಿ,
24 ಜೂನ್ 2000

ಸೋಮ್ಯಾ,

ಬೈದದ್ದು ನಿನಗಲ್ಲ, ಟೆಲಿಫೋನಿಗೆ. ನಿನ್ನ ಪತ್ರವನ್ನು ಮನೆಯಲ್ಲಿ ಎಲ್ಲರೆದುರು ಓದಿದೆ. ನಿನ್ನ ಅಕ್ಷರ ನೋಡಿ ಶಾಹಜಾನಬಿ ಕಣ್ಣೊರೆಸಿಕೊಂಡಳು. ನಾನು ಅಳಲಿಲ್ಲ, ನನಗೆ ನೆಗಡಿಯಾಗಿತ್ತು.

ಅಂಗಾಲಿನ ಬಣ್ಣದ ಮಾತು ಬಂದಾಗ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಮಹೇಕ ನಗಲಿಲ್ಲ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಸೇರಿ ಎರಡು ವರ್ಷವಾಯಿತಲ್ಲ, ಮನುಷ್ಯರ ಚರ್ಮ ಮಾಂಸದ ಚೂರುಗಳನ್ನು ಮೈಕ್ರೋಸ್ಕೋಪಿನ ಕೆಳಗಿಡುವುದೇ ಅವಳ ಕೆಲಸ. “ಅಬ್ಬಾ, ಕಾಕಾ ಬ್ರಷ್ ಬಿಟ್ಟು ಎಷ್ಟು ದಿನ ಆತು?” ಅಂದಳು.

“ದೀಪಾವಳಿಗೆ ಬಿಟ್ಟಾನ.”

“ಅಂಗಾಲಿನ ಚರ್ಮ ತಾನ ಸವದು ಹೋಗಿ ಹೊಸಾದು ಬರ್ತೈತಿ. ಆರೇಳು ತಿಂಗಳು ಚರ್ಮದ ಮ್ಯಾಲೆ ಯಾವ ಪೇಂಟ್ ಉಳೀತದ? ಗ್ವಾಡಿ ಮ್ಯಾಲಿಂದ ಸೈತ ಉದುರತೈತಿ.”

ನಾನು ಪೇಂಟಿನ ಬಗ್ಗೆ ಯಾರಿಗೂ ಸೋಲುವವನಲ್ಲ, ನಿನಗೆ ಗೊತ್ತು. ಆದರೆ ಅವಳ ಮಾತು ಖರೇ. ಚಿಮಣಿ ಎಣ್ಣೆಗೆ ಬಗ್ಗದ ಪೇಂಟನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅದು ಏನೂ ಇರಲಿಕ್ಕಿಲ್ಲ. ಆದರೂ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎನ್ನುತ್ತಾಳೆ. ಬೆಳಗಿನ ರೈಲಿಗೆ ಬಂದುಬಿಡು. ಇಲ್ಲೇ ಊಟ. ಬರುವಾಗ ವೈನಿಯವರ ಗಿರಣಿಯ ಜೋಳದ ಹಿಟ್ಟು ತಾ, ಇಲ್ಲಿಯ ಹಿಟ್ಟು ರೊಟ್ಟಿ ಬಡಿಯುವಾಗಲೇ ಬಿರುಕು ಬಿಡುತ್ತದೆ.

ನಿನ್ನ ಮರಾಠಿ ಪಾಲಿನವ,
ಸಮದ


ಖಾನಾಪುರ,
8 ಜುಲೈ 2000

ಸಮದಾ,

ಹಿಟ್ಟು ಕಳಿಸುತ್ತೇನೆ, ನಾನು ಬರುವುದಿಲ್ಲ. ಇಲ್ಲಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ, ಮಲಪ್ರಭೆ ದಂಡೆಗೆ ಬಂದಿದ್ದಾಳೆ. ಇದು ನೆವ ಎಂದು ನಿನಗೆ ಗೊತ್ತಾಗುತ್ತದೆ ಎಂಬುದೂ ನನಗೆ ಗೊತ್ತು. ಖರೇ ಮಾತು ಹೇಳಿಬಿಡುತ್ತೇನೆ. ಮನೆ ಮಗಳಂಥ ಹುಡುಗಿಯ ಮುಂದೆ, ಕಾಣದ ಡಾಕ್ಟರ ಮುಂದೆ, ಕಾಲೆತ್ತಿ ಅಂಗಾಲು ತೋರಿಸುವುದೇ? ಮಲಗುವಾಗ ಸೈತ ಯಾರ ಕಡೆಗೂ ಅಂಗಾಲು ಮಾಡಬಾರದು ಎಂದು ನನ್ನವ್ವ ಹೊಡೆದು ಕಲಿಸಿದ್ದಾಳೆ.

ಕಲೆ ಸ್ವಲ್ಪ ಅಗಲವಾದಂತೆ ಕಾಣುತ್ತದೆ. ನಾನು ತಿಕ್ಕಿ ತಿಕ್ಕಿ ಹಾಗಾಗಿರಬೇಕು.

ಮತ್ತೊಂದು ಮಾತು. ನನಗೆ ಹೊಸ ರೋಗ ಬೇಡ. ಇದ್ದದ್ದಕ್ಕೇ ಮೈಯಲ್ಲಿ ಜಾಗ ಸಾಲುತ್ತಿಲ್ಲ. ಈಗಷ್ಟೇ ಕೈ ಮರಳಿ ಬಂದಿದೆ. ನಿನ್ನೆ ಸ್ಲೇಟಿನ ಮೇಲೆ ‘ಗಿರಣಿ’ ಎಂದು ದಪ್ಪಕ್ಷರದಲ್ಲಿ ಬರೆದು ನೋಡಿದೆ, ಗುಡಿಸು ಎಲ್ಲಿ ಬೇಕೋ ಅಲ್ಲಿ ಬಂದು ನಿಂತಿತು. ಎಷ್ಟು ಸುಖವಾಯಿತು ಎಂದರೆ ಅಳಿಸಲು ಮನಸ್ಸು ಬರಲಿಲ್ಲ. ನಾಲ್ಕು ದಿನ ನನ್ನನ್ನು ಹೀಗೆ ಬಿಟ್ಟುಬಿಡಿ.

ಸೋಮಲಿಂಗ


ಬೆಳಗಾವಿ,
12 ಜುಲೈ 2000

ಸೋಮ್ಯಾ,

ಸೋಮವಾರ ಬೆಳಿಗ್ಗೆ ನೀನು ಸ್ಟೇಷನ್ನಿನಲ್ಲಿ ಇಳಿಯದಿದ್ದರೆ ನಾನು ನಮ್ಮ ಉದ್ದನೆಯ ಏಣಿ ಹೊತ್ತುಕೊಂಡು ಖಾನಾಪುರಕ್ಕೆ ಬರುತ್ತೇನೆ, ಗಿರಣಿಯ ಗೋಡೆಗೆ ಆನಿಸುತ್ತೇನೆ, ನಿನ್ನನ್ನು ಹತ್ತಿಸಿ ಇಡೀ ಓಣಿಯನ್ನು ಕರೆದು ನಿನ್ನ ಅಂಗಾಲು ತೋರಿಸುತ್ತೇನೆ. ನಾನು ಹೇಳಿದ್ದನ್ನು ಮಾಡುವವನು.

ಸತ್ಯವ್ವ ವೈನಿಗೂ ಬೇರೆ ಪತ್ರ ಹಾಕಿದ್ದೇನೆ. ಇನ್ನು ನೀನು ತಪ್ಪಿಸಿಕೊಂಡ ಹಾಗೆಯೇ.

ಸಮದ


ಬೆಳಗಾವಿ,
6 ಆಗಸ್ಟ್ 2000

ಸೋಮ್ಯಾ,

ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೆ, ಏನೇ ಬಂದರೂ ಮುಚ್ಚಿಡಬೇಡ ಎಂದು. ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ವೈನಿಯವರನ್ನು ಹತ್ತಿರ ಕೂಡಿಸಿಕೊಂಡು ಓದು.

ಕಾಲಿನಿಂದ ತೆಗೆದ ಆ ಚೂರಿನ ರಿಪೋರ್ಟ್ ಬಂತು. ಅದು ಕ್ಯಾನ್ಸರ್. ಮೆಲನೋಮಾ ಎಂದು ಹೆಸರು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಕಣಗಳು ಹದ್ದು ಮೀರಿ ಬೆಳೆದರೆ ಹೀಗಾಗುತ್ತದಂತೆ. ನಮ್ಮ ದೇಶದವರಿಗೆ ಬರುವುದು ಕಡಿಮೆ, ಬಂದರೆ ಬಹಳ ಸಲ ಅಂಗಾಲಿಗೇ. ಆದರೆ ಕೇಳು, ಪತ್ರ ಕೆಳಗಿಡಬೇಡ. ಅದು ತೆಳು. ಚರ್ಮದ ಮೇಲಿನ ಪದರದಿಂದ ಸ್ವಲ್ಪವೇ ಕೆಳಗೆ ಇಳಿದಿದೆ. ಮಹೇಕ ಅದನ್ನು ಮೈಕ್ರೋಸ್ಕೋಪಿನಲ್ಲಿ ತಾನೇ ನೋಡಿದಳು. ಕರಿ ಕಣಗಳ ಸುತ್ತ ಬಿಳಿ ಕಣಗಳು ಗುಂಪುಗಟ್ಟಿ ನಿಂತಿದ್ದವಂತೆ. ಅವು ಮೈಯ ಕಾವಲಿನವು. “ಕಾಕಾನ ಮೈ ಸುಮ್ಮ ಕುಂತಿಲ್ಲ ಅಬ್ಬಾ, ಅದಕ್ಕ ಕಳ್ಳ ಗೊತ್ತಾಗ್ಯಾನ” ಎಂದಳು. ಅದು ಒಳ್ಳೆಯ ಗುರುತು ಎಂದು ಅವಳ ಲ್ಯಾಬಿನ ಡಾಕ್ಟರೂ ಹೇಳಿದರು.

ಇನ್ನೊಮ್ಮೆ ಸುತ್ತಲಿನ ಚರ್ಮವನ್ನು ಅಗಲವಾಗಿ ಕತ್ತರಿಸಿ ತೆಗೆಯಬೇಕು. ತೊಡೆಯ ಚರ್ಮ ತಂದು ಅಲ್ಲಿ ಹಚ್ಚುತ್ತಾರೆ. ಇಪ್ಪತ್ತನೆಯ ತಾರೀಖಿನ ಒಳಗೆ ಬರಬೇಕು.

ಈಗ ಬರೆಯಲು ಕೈ ಬಾರದ ಮಾತು. ನಡುಕದ ಗುಳಿಗೆಯನ್ನು ಸ್ವಲ್ಪಸ್ವಲ್ಪ ಕಡಿಮೆ ಮಾಡುತ್ತ ಬಂದು ನಿಲ್ಲಿಸಬೇಕು ಎಂದು ಚರ್ಮದ ಡಾಕ್ಟರಮ್ಮ ಹೇಳಿದ್ದಾರೆ. ಆ ಗುಳಿಗೆ ಮೈಯೊಳಗೆ ಹೋಗಿ ಯಾವ ಪದಾರ್ಥ ಆಗುತ್ತದೋ, ಚರ್ಮದ ಕರಿ ಬಣ್ಣ ತಯಾರಾಗುವುದೂ ಅದೇ ಸಾಮಾನಿನಿಂದ. ಗುಳಿಗೆಯೇ ಆ ಕಲೆಗೆ ಗೊಬ್ಬರವಾಗಿರಬಹುದು ಎಂದು ಹಳೆಯ ಸಂಶಯ ಇದೆಯಂತೆ, ಡಬ್ಬಿಯೊಳಗಿನ ಚೀಟಿಯಲ್ಲೂ ಹಾಗೇ ಇದೆ. ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುವ ಮಿದುಳಿನ ಡಾಕ್ಟರಿಗೂ ಫೋನು ಮಾಡಿ ಕೇಳಿದರು. ಎರಡನೆಯ ರಿಪೋರ್ಟ್ ಬರುವತನಕ ಹಾಗೇ ಮಾಡಿ, ಆಮೇಲೆ ಕೂತು ಮಾತಾಡೋಣ ಎಂದರಂತೆ.

ಡಾಕ್ಟರಮ್ಮನ ಮುಂದೆ ಕಾಲೆತ್ತುವ ಮೊದಲು ನೀನು ಕೈ ಮುಗಿದು “ತಪ್ಪು ತಿಳೀಬ್ಯಾಡ್ರಿ ಅವ್ವಾ” ಎಂದೆಯಲ್ಲ, ಆ ಮಾತು ಅವರಿಗೆ ಇನ್ನೂ ನೆನಪಿದೆ. ಒಳ್ಳೆಯ ಹೆಂಗಸು. ನಿನ್ನ ಕೆಡುಕು ಬಯಸಿ ಹೇಳಿದ್ದಲ್ಲ.

ಸಮದ


ಖಾನಾಪುರ,
15 ಸೆಪ್ಟೆಂಬರ್ 2000

ಸಮದಣ್ಣನಿಗೆ,

ಇದು ಸತ್ಯವ್ವ ಬರೆದದ್ದು. ಅವರ ಕೈಗೆ ಪೆನ್ನು ನಿಲ್ಲುವುದಿಲ್ಲ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಮಾತು ಕೇಳಿಸಲು ಗಿರಣಿ ಬಂದ್ ಮಾಡಿ, ಬಾಯಿಯ ಹತ್ತಿರ ಕಿವಿ ಇಟ್ಟು ಕೂತಿದ್ದೇನೆ.

“ಸಮದಾ, ಕಾಲಿನ ಗಾಯ ಮಾಯುತ್ತಿದೆ. ಗುಳಿಗೆ ನಿಂತು ಹದಿನೈದು ದಿನವಾಗಿರಬೇಕು. ಮಲಗಿದರೆ ಹೊರಳಲು ಆಗುವುದಿಲ್ಲ, ಸತ್ಯವ್ವ ಎದ್ದು ಹೊರಳಿಸುತ್ತಾಳೆ. ಹೊಸ್ತಿಲ ಮುಂದೆ ಬಂದರೆ ಕಾಲು ನೆಲ ಬಿಟ್ಟು ಏಳುವುದಿಲ್ಲ. ನಾನು ಡಾಕ್ಟರಿಗೆ ಕೇಳಬೇಕೆಂದಿದ್ದನ್ನು ನೀನು ಕೇಳು. ಬೇಕಾದರೆ ಕಾಲನ್ನೇ ತೆಗೆಯಲಿ. ನಾನು ಕಾಲಿನಿಂದ ಬೋರ್ಡು ಬರೆದವನಲ್ಲ. ಗುಳಿಗೆ ಮಾತ್ರ ಕೊಡಲಿ.”

ಅವರು ಹೇಳಿದ್ದು ಇಷ್ಟು. ಈಗ ಮಲಗಿಸಿ ಬಂದೆ. ಇನ್ನು ನನ್ನ ಮಾತು. ನಾಕನೇ ಇಯತ್ತೆ ಕಲಿತಾಕಿ, ಮಾತಾಡಿದಂಗ ಬರೀತೀನಿ, ತಪ್ಪಿದ್ರ ತಿದ್ದಿ ಓದ್ರಿ.

ಅಣ್ಣಾ, ಅವ್ರು ಕಾಲು ತಗೀರಿ ಅಂತಾರ. ಕಾಲು ಯಾರಿಗೆ ಬೇಕಾಗೈತಿ, ಜೀವಾ ಬೇಕಾಗೈತಿ. ಆದ್ರ ಹಿಂಗ ಜೀವಾ ಇದ್ದು ಏನ ಮಾಡೂದು ಅಂತ ಅವ್ರ ಕಣ್ಣು ಕೇಳ್ತೈತಿ. ಗಿರಣಿ ನಡೀಬೇಕಂದ್ರ ಪಟ್ಟಾ ಬೇಕು, ಇವ್ರಿಗೆ ಆ ಗುಳಿಗಿ. ಪಟ್ಟಾ ಬಿಚ್ಚಿದ್ರ ಮಶೀನ ಕೆಟ್ಟಿರೂದಿಲ್ಲ, ಬರೇ ತಿರಗೂದಿಲ್ಲ. ಊಟಾ ಮಾಡಸೂದು, ಹೊರಳಸೂದು ನನಗ ಭಾರ ಅಲ್ಲ, ಜೋಳದ ಚೀಲಾ ಎತ್ತಿದ ಕೈ ಇವು. ಆದ್ರ ನಿನ್ನೆ ಸ್ಲೇಟ್ ಕೇಳಿದ್ರು. ಕೊಟ್ಟೆ. ಒಂದು ಗೆರಿ ಎಳದ್ರು, ಅದು ಇರವಿ ಹರದಂಗ ಬಂತು. ಸ್ಲೇಟ್ ನನ್ನ ಕೈಯಾಗಿಟ್ಟು ಗ್ವಾಡಿ ಕಡೆ ಮಾರಿ ಮಾಡಿದ್ರು. ಮದವ್ಯಾಗಿ ಇಷ್ಟು ವರ್ಷದಾಗ ಅವ್ರು ನನಗ ಹಂಗ ಬೆನ್ನು ಮಾಡಿದ್ದಿಲ್ಲ.

ಗುಳಿಗಿ ಕೊಟ್ರ ಆ ಕರೇದು ಮತ್ತ ಬರ್ತೈತೇನು, ಬರೂದಿಲ್ಲೇನು? ಯಾರರೆ ಒಬ್ರು ನೆಟ್ಟಗ ಹೇಳ್ರಿ. ನಾ ಎರಡಕ್ಕೂ ಗಟ್ಟಿ ಅದೀನಿ. ಗೊತ್ತಿಲ್ಲದ್ದಕ್ಕ ಮಾತ್ರ ಗಟ್ಟಿ ಇಲ್ಲ.

ನಿಮ್ಮ ತಂಗಿ,
ಸತ್ಯವ್ವ


ಬೆಳಗಾವಿ,
14 ಅಕ್ಟೋಬರ್ 2000

ಸತ್ಯವ್ವ ವೈನಿಗೂ ಸೋಮ್ಯಾನಿಗೂ,

ಮೊದಲು ಒಳ್ಳೆಯ ಸುದ್ದಿ, ಆಮೇಲೆ ಅದಕ್ಕಿಂತ ಒಳ್ಳೆಯ ಸುದ್ದಿ. ನಡುವೆ ಸ್ವಲ್ಪ ನನ್ನ ಪುರಾಣ ಇದೆ, ಬಿಟ್ಟು ಓದಬೇಡಿ.

ಎರಡನೆಯ ಸಲ ಕತ್ತರಿಸಿದ ಚರ್ಮದಲ್ಲಿ ಒಂದೇ ಒಂದು ಕೆಟ್ಟ ಕಣ ಇಲ್ಲ. ಅಂಚೆಲ್ಲ ಸ್ವಚ್ಛ. ತೊಡೆಸಂದಿಯ ಗಂಟುಗಳಿಗೂ ಹರಡಿಲ್ಲ. ಹೋಯಿತು ಅದು, ಸೋಮ್ಯಾ!

ಹೋದ ತಿಂಗಳು ವೈನಿಯವರ ಪತ್ರ ಕಿಸೆಯಲ್ಲಿಟ್ಟುಕೊಂಡು ಮಹೇಕಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಮಿದುಳಿನ ಡಾಕ್ಟರೂ ಬಂದಿದ್ದರು. ಪತ್ರವನ್ನು ಇಬ್ಬರಿಗೂ ಓದಿ ಹೇಳಿದೆ. ಸ್ಲೇಟಿನ ಮಾತಿಗೆ ಬಂದಾಗ ಪತ್ರವನ್ನು ಮಹೇಕಳ ಕೈಗೆ ಕೊಟ್ಟೆ, ಮಿಕ್ಕಿದ್ದನ್ನು ಅವಳು ಓದಿದಳು. ಗುಳಿಗೆ ಬೇಡವೇ ಬೇಡ ಎಂದು ಡಾಕ್ಟರಮ್ಮ. ಅದಿಲ್ಲದಿದ್ದರೆ ಮನುಷ್ಯ ವರ್ಷದೊಳಗೆ ಹಾಸಿಗೆ ಹಿಡಿಯುತ್ತಾನೆ ಎಂದು ಮಿದುಳಿನ ಡಾಕ್ಟರು. ಕನ್ನಡ ಮೇಲೋ ಮರಾಠಿ ಮೇಲೋ ಎಂಬ ಜಗಳ ನೋಡಿದ ನನಗೆ ಇದು ಹೊಸದಾಗಿರಲಿಲ್ಲ. ಆದರೆ ಅಲ್ಲಿ ನಮ್ಮ ಒಲೆ ಉರಿಯುತ್ತಿತ್ತು, ಇಲ್ಲಿ ನಿನ್ನ ಬಾಳು ನಿಂತಿತ್ತು.

ಮಿದುಳಿನ ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ರೋಗದಲ್ಲಿ ಮಿದುಳಿನ ನಡುವೆ ಸಾಯುವ ಕಣಗಳಿವೆಯಲ್ಲ, ಅವೂ ಕರಿ ಬಣ್ಣದವೇ ಅಂತೆ. ಚರ್ಮದಲ್ಲಿ ಕರಿ ಕಣ ಸೊಕ್ಕಿ ಬೆಳೆಯುತ್ತದೆ, ಮಿದುಳಿನಲ್ಲಿ ಕರಿ ಕಣ ಸೊರಗಿ ಸಾಯುತ್ತದೆ. ಎರಡೂ ಒಬ್ಬನಿಗೇ ಬರುವುದು ಲೆಕ್ಕಕ್ಕಿಂತ ಹೆಚ್ಚು ಕಂಡುಬಂದಿದೆಯಂತೆ. ಇಷ್ಟು ದಿನ ಎಲ್ಲರೂ ಗುಳಿಗೆಯ ಮೇಲೆ ಗೂಬೆ ಕೂರಿಸಿದರು. ಈಗ ಮೂರು ವರ್ಷದ ಹಿಂದೆ, ಈ ರೋಗ ಇದ್ದವರ ಮಿದುಳಿನ ಕಣಗಳಲ್ಲಿ ಒಂದು ಪ್ರೋಟೀನು ಹೆಪ್ಪುಗಟ್ಟಿ ಕೂತಿರುತ್ತದೆ ಎಂದು ಗೊತ್ತಾಗಿದೆ. “ಅದು ಚರ್ಮದ ಕರಿ ಕಣದಾಗೂ ಇರತದೇನು? ಇದ್ರ ಅದನ್ನ ಬೆಳಸತದೇನು? ಮೈಯೊಳಗಿನ ಕಾವಲಿನವ್ರನ್ನ ಮಲಗಸತದೇನು? ನನಗ ಗೊತ್ತಿಲ್ರೀ. ಇವತ್ತು ಯಾರಿಗೂ ಗೊತ್ತಿಲ್ಲ. ಎರಡೂ ಜಡ್ಡಿಗೆ ಬೇರು ಒಂದ ಇರಬಹುದು ಅಂತ ನನ್ನ ಅಂದಾಜು, ಅಷ್ಟ” ಎಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಮೊದಲ ಸಲ ಕಂಡೆ. ಅವರ ಮೇಲೆ ನಂಬಿಕೆ ಬಂದದ್ದೂ ಅದಕ್ಕೇ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಆ ಕಲೆ ಗುಳಿಗೆ ಶುರುವಾದ ಮೇಲೆ ಬಂದದ್ದೋ, ಮೊದಲೇ ಇತ್ತೋ? ಮೊದಲೇ ಇದ್ದರೆ ಅದನ್ನು ಹುಟ್ಟಿಸಿದ್ದು ಗುಳಿಗೆಯಲ್ಲ. ಡಾಕ್ಟರಮ್ಮನೂ ಅದನ್ನು ಒಪ್ಪಿದರು. ನಿನ್ನನ್ನು ಕೇಳಿ ಪ್ರಯೋಜನವಿಲ್ಲ, ನೀನು ಬೇಸಿಗೆಯಲ್ಲಿ ಕಂಡದ್ದು. ತನ್ನ ಅಂಗಾಲನ್ನು ಯಾರು ನೋಡಿಕೊಳ್ಳುತ್ತಾರೆ? ವೈನಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಾರೆಯೇ ಹೊರತು ತಿರುವಿ ನೋಡಿಲ್ಲ. ಯಾರಿಗೂ ಗೊತ್ತಿರಲಿಕ್ಕಿಲ್ಲ ಎಂದು ಹೇಳಿ ಎದ್ದು ಬಂದೆವು.

ಅವತ್ತಿಂದ ಊಟ ಸೇರಲಿಲ್ಲ. ಒಂದು ದಿನ ಅನಗೋಳದಲ್ಲಿ ಕಿರಾಣಿ ಅಂಗಡಿಯ ಬೋರ್ಡು ಬರೆಯಲು ಹೋದೆ. ಈಗ ಕನ್ನಡಕ್ಕೂ ನಾನೇ ಹತ್ತಬೇಕಲ್ಲ, ಏಣಿ ಹಿಡಿಯಲು ಅಂಗಡಿಯವನು ಬಂದ. ಕೆಳಗಿನಿಂದ ನನ್ನ ಕಾಲು ನೋಡಿ, “ಪೇಂಟರ್ ಸಾಹೇಬ್ರ, ಹಿಮ್ಮಡ ಭಾಳ ಒಡದಾವಲ್ರೀ, ಮುಲಾಮು ಹಚ್ರಿ” ಎಂದ. ನಾನು ಏಣಿಯ ಮೇಲೆಯೇ ನಿಂತುಬಿಟ್ಟೆ. ಸೋಮ್ಯಾ, ಮೂವತ್ತು ವರ್ಷ ನಿನ್ನ ಏಣಿ ಹಿಡಿದವನು ನಾನು! ಕತ್ತು ಎತ್ತಿದರೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ನಿನ್ನ ಅಂಗಾಲು. ನಿನ್ನ ಮುಖಕ್ಕಿಂತ ಹೆಚ್ಚು ನಾನು ಅದನ್ನೇ ನೋಡಿದ್ದೇನೆ. ಗುರುಪುತ್ರಪ್ಪನ ಬೋರ್ಡು ಬರೆಯುವಾಗ ಕೆಳಗಿನಿಂದ ನಾನು ಕೂಗಿದ್ದು ನೆನಪಾಯಿತು. “ಸೋಮ್ಯಾ, ಎಡಗಾಲಿಗೆ ಕರೀದು ಹತ್ತೈತಿ, ತೊಳಕೋ.” ನೀನು ಮೇಲಿನಿಂದ “ಇರಲಿ ಬಿಡು, ದೃಷ್ಟಿ ಬೊಟ್ಟು” ಎಂದಿದ್ದೆ. ಅದು ದೀಪಾವಳಿ. ಗುಳಿಗೆ ಶುರುವಾದದ್ದು ಸಂಕ್ರಾಂತಿಗೆ.

ಕೆಲಸ ಅಷ್ಟಕ್ಕೇ ಬಿಟ್ಟು ಮನೆಗೆ ಓಡಿದೆ. ಮಹೇಕ ಕೇಳಿ ಖುಷಿಪಟ್ಟಳು, ಮರುಗಳಿಗೆಯೇ ಮುಖ ಸಣ್ಣ ಮಾಡಿದಳು. “ಅಬ್ಬಾ, ಅವತ್ತು ಹತ್ತಿದ್ದು ಖರೇನ ಪೇಂಟ್ ಇದ್ದಿರಬಹುದಲ್ಲ?” ಬೋರ್ಡು ನೋಡಿದರೆ ತಿಳಿಯುತ್ತದೆ ಎಂದೆ. ಇಬ್ಬರೂ ಶಹಾಪುರಕ್ಕೆ ಹೋಗಿ ಬೋರ್ಡಿನ ಮುಂದೆ ನಿಂತೆವು. ಹಳದಿ ನೆಲ, ಕೆಂಪು ಅಕ್ಷರ, ಬಿಳಿ ಅಂಚು. ನಾನು ಕಣ್ಣು ಉಜ್ಜಿಕೊಂಡು ನೋಡಿದೆ. ಕರಿ ಎಲ್ಲಿದೆ? ಅಕ್ಷರದ ನೆರಳಿಗೆ ಸೈತ ಕರಿ ಇಲ್ಲ! ಗುರುಪುತ್ರಪ್ಪ ಗಲ್ಲಾ ಬಿಟ್ಟು ಹೊರಗೆ ಬಂದು, “ಹಬ್ಬಕ್ಕ ಬರೆಸೂ ಬೋರ್ಡು, ಕರಿ ಹಚ್ಚಬ್ಯಾಡ್ರಿ, ಕರಿ ಡಬ್ಬಿ ಸೈತ ನನ್ನ ಅಂಗಡಿ ಮುಂದ ತರಬ್ಯಾಡ್ರಿ ಅಂತ ನಾನ ಹೇಳಿದ್ದೆ. ಮರತ್ರೇನು?” ಎಂದ. ಮರೆತಿದ್ದೆ. ಮಹಾನವಮಿಯಿಂದ ಅದೊಂದೇ ಕೆಲಸ ಹಿಡಿದಿದ್ದೆವು, ಒಳಗಿನ ಗೋಡೆಗಳೂ ನಮ್ಮವೇ. ದಿನಾ ಸಂಜೆ ಚಿಮಣಿ ಎಣ್ಣೆಯಲ್ಲಿ ಕೈಕಾಲು ತೊಳೆದೇ ಮನೆಗೆ ಹೋಗುತ್ತಿದ್ದೆವು. ಕರಿ ಡಬ್ಬಿಯೇ ಇಲ್ಲದ ಕಡೆ ನಿನ್ನ ಕಾಲಿಗೆ ಕರಿ ಎಲ್ಲಿಂದ ಹತ್ತಬೇಕು?

ಮಹೇಕ ರಸ್ತೆಯಲ್ಲೇ ನನ್ನ ಕೈ ಹಿಡಿದು ಅತ್ತುಬಿಟ್ಟಳು. ನನಗೆ ಮತ್ತೆ ನೆಗಡಿಯಾಗಿತ್ತು.

ನಿನ್ನೆ ಇಬ್ಬರು ಡಾಕ್ಟರಿಗೂ ಹೇಳಿದೆ. ಮಿದುಳಿನ ಡಾಕ್ಟರು ಕುರ್ಚಿಗೆ ಒರಗಿ ನಕ್ಕರು. “ಇದರಿಂದ ಜಗತ್ತಿನ ಪ್ರಶ್ನೆ ಬಗೆಹರಿಯೂದಿಲ್ಲ. ಆದ್ರ ಈ ಒಬ್ಬರ ಕಾಲಿನ ಕಲೆ ಗುಳಿಗಿ ಹುಟ್ಟಿಸಿದ್ದಲ್ಲ” ಎಂದರು. ಡಾಕ್ಟರಮ್ಮ ಎರಡೂ ರಿಪೋರ್ಟ್ ಮತ್ತೊಮ್ಮೆ ಓದಿ ಹೇಳಿದರು. ಕೊಡಿ. ಆದರೆ ಮೂರು ತಿಂಗಳಿಗೊಮ್ಮೆ ಮೈಯೆಲ್ಲ ತೋರಿಸಬೇಕು, ಮನೆಯಲ್ಲಿ ವಾರಕ್ಕೊಮ್ಮೆ ಅಂಗಾಲು ನೋಡಬೇಕು. ಹೊಸ ಕಲೆ ಕಂಡರೆ ಅವತ್ತೇ ಹೊರಡಬೇಕು. ಮತ್ತೆ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ, ವೈನಿ. ಬಂದರೆ ಬೇಗ ಕಾಣುತ್ತದೆ, ಅಷ್ಟು ಗಟ್ಟಿ.

ಗುಳಿಗೆಯ ಚೀಟಿ ಇದರ ಜೊತೆ ಇದೆ. ಅರ್ಧದಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು. ಇವತ್ತೇ ಕೊಡಿರಿ.

ಸಮದ


ಖಾನಾಪುರ,
14 ಜನವರಿ 2001

ಸಮದಾ,

ಕುಸುರೆಳ್ಳು ಇದರ ಜೊತೆ ಕಳಿಸಿದ್ದೇನೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುವುದು ನನ್ನಂಥವನಿಗಲ್ಲ, ನಿನ್ನಂಥ ಬಾಯಿಬಡಕನಿಗೆ.

ಈ ಪತ್ರ ನಾನೇ ಬರೆಯುತ್ತಿದ್ದೇನೆ. ಪುಟದ ಮೇಲೆ ಪೆನ್ಸಿಲಿನಿಂದ ಎರಡೆರಡು ಗೆರೆ ಹೊಡೆದುಕೊಂಡಿದ್ದೇನೆ, ಬೋರ್ಡಿಗೆ ಸುಣ್ಣದ ದಾರ ಹೊಡೆಯುತ್ತಿದ್ದೆವಲ್ಲ, ಹಾಗೆ. ಗೆರೆ ಇದ್ದರೆ ಅಕ್ಷರ ಹಿಡಿಯಾಗುವುದಿಲ್ಲ, ಮೇಲಿನ ಗೆರೆ ಮುಟ್ಟಿಯೇ ಮುಂದೆ ಹೋಗುತ್ತದೆ. ಗುಳಿಗೆ ಮತ್ತೆ ಮೈಗೆ ಒಗ್ಗಲು ದೀಪಾವಳಿ ಕಳೆಯಿತು. ಮೊದಲ ಸಲ ನಾನೇ ಹೊರಳಿ ಮಲಗಿದ ಬೆಳಿಗ್ಗೆ ಸತ್ಯವ್ವ ಹೆದರಿ ಎದ್ದು ಕೂತಳು, ನಾನು ಮಂಚದಿಂದ ಬಿದ್ದೆನೆಂದು. ಬಿದ್ದಿಲ್ಲ, ಹೊರಳಿದೆ ಎಂದೆ. “ಮತ್ತೊಮ್ಮೆ ಹೊರಳ್ರಿ ನೋಡೂಣು” ಎಂದಳು. ಹೊರಳಿದೆ. ಇಬ್ಬರೂ ಸಣ್ಣ ಮಕ್ಕಳ ಹಾಗೆ ನಕ್ಕೆವು.

ಪ್ರತಿ ಸೋಮವಾರ ಗಿರಣಿಗೆ ರಜೆ, ಅವತ್ತು ನನ್ನ ಅಂಗಾಲಿನ ಪೂಜೆ. ಬ್ಯಾಟರಿ ಹಿಡಿದು ಬೆರಳ ಸಂದಿ ಬಿಡದೆ ನೋಡುತ್ತಾಳೆ. ಮೊದಲ ವಾರ ನಾನು ನಾಚಿ ಕಾಲು ಎಳೆದುಕೊಂಡೆ. “ಇಷ್ಟು ವರ್ಷ ಮ್ಯಾಲಿಂದ ನಮಸ್ಕಾರ ಮಾಡಿ ಮೋಸ ಹೋದ್ನಿ, ಇನ್ನ ತಿರುವೇ ನೋಡಾಕಿ” ಎಂದು ಹಿಡಿದು ಕೂಡಿಸಿದಳು. ಹೋದ ವಾರ ಡಾಕ್ಟರಮ್ಮ ತೋರಿಸಿದ ಹಾಗೆಯೇ ನೋಡಿ, “ಏನಿಲ್ಲ, ಬರೇ ಹಿಟ್ಟು” ಎಂದಳು. ನನ್ನ ಬಾಳಿನಲ್ಲಿ ಇಷ್ಟು ಒಳ್ಳೆಯ ರಿಪೋರ್ಟ್ ಯಾವ ಡಾಕ್ಟರೂ ಕೊಟ್ಟಿರಲಿಲ್ಲ.

ಆ ಪ್ರೋಟೀನಿನ ಮಾತು ಆಗಾಗ ನೆನಪಿಗೆ ಬರುತ್ತದೆ. ಮಿದುಳಿನಲ್ಲಿ ಹೆಪ್ಪುಗಟ್ಟಿದ್ದು ಅಂಗಾಲಿನವರೆಗೆ ಬಂದು ಏನು ಮಾಡುತ್ತದೋ ಯಾರಾದರೂ ಕಂಡುಹಿಡಿಯಲಿ. ಮಹೇಕಳಿಗೆ ಹೇಳು, ಅವಳ ಮೈಕ್ರೋಸ್ಕೋಪಿನ ಕೆಳಗೆ ನನ್ನ ಕಾಲಿನ ಚೂರು ಇನ್ನೂ ಇದ್ದರೆ ಚೆನ್ನಾಗಿ ನೋಡಲಿ. ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಂಡು ಕೂಡಲು ಈಗ ಪುರುಸೊತ್ತೂ ಇಲ್ಲ.

ಯಾಕೆಂದರೆ ಕೆಲಸ ಬಂದಿದೆ. ಬರುವ ಭಾನುವಾರ ಡಬ್ಬಿ, ಬ್ರಷ್ಷು ತೆಗೆದುಕೊಂಡು ಬೆಳಗಿನ ರೈಲಿಗೆ ಬಾ. ‘ಸತ್ಯವ್ವನ ಹಿಟ್ಟಿನ ಗಿರಣಿ’ ಎಂದು ಬರೆಯಬೇಕು. ಕನ್ನಡ ನನ್ನದು, ಅದರ ಕೆಳಗೆ ಮರಾಠಿ ನಿನ್ನದು. ಮೇಲೆ ಕೆಳಗೆ ಎಂದು ಜಗಳ ತೆಗೆದರೆ ಊಟ ಇಲ್ಲ ಎಂದು ಮಾಲಕಿಯೇ ಹೇಳಿದ್ದಾಳೆ. ತಗಡು ತಂದು ಕೆಂಪು ಹೊಡೆದು ಒಣಗಿಸಿದ್ದೇನೆ. ಕರಿ ಬಣ್ಣ ಬ್ಯಾಡವೇ ಬ್ಯಾಡ ಎಂದು ಸತ್ಯವ್ವ ಹಟ ಹಿಡಿದಿದ್ದಾಳೆ. ನೀನು ಕರಿ ಡಬ್ಬಿ ತಪ್ಪದೆ ತಾ. ನೆರಳಿಗೆ ಕರಿ ಇಲ್ಲದಿದ್ದರೆ ಅಕ್ಷರ ಎದ್ದು ನಿಲ್ಲುವುದಿಲ್ಲ, ಗುರುಪುತ್ರಪ್ಪನ ಬೋರ್ಡಿನ ದೊಡ್ಡ ಊನ ಅದೇ.

ನೀನು ಏಣಿ ಹಿಡಿಯುವುದು ನಾನು ಬೀಳದಿರಲಿ ಎಂದು ಅಂದುಕೊಂಡಿದ್ದೆ. ನನಗೇ ಕಾಣದ ಜಾಗವನ್ನು ನೀನು ನೋಡುತ್ತಿದ್ದೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಇನ್ನು ಮೇಲೆ ನನ್ನನ್ನು ಏಣಿ ಹತ್ತಲು ಯಾರೂ ಬಿಡುವುದಿಲ್ಲ. ತಗಡನ್ನು ಅಂಗಳದಲ್ಲಿ ಹಾಸಿ, ನಾನು ನೆಲದ ಮೇಲೆ ಕಾಲು ಚಾಚಿ ಕೂತು ಬರೆಯುತ್ತೇನೆ.

ಏಣಿ ಇಲ್ಲ ಎಂದು ನೀನು ತಲೆ ಕಡೆ ಬಂದು ಕೂಡಬೇಡ. ನನ್ನ ಕಾಲ ಕಡೆಯೇ ಕೂತುಕೊ.

ನಿನ್ನ
ಸೋಮಲಿಂಗ